ರೇಡಿಯೋ ಕಾಕನ ಟೋಪಿ

ಮೊನ್ನೆ ಲ್ಯಾಬಿನಲ್ಲಿ ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಕಳಸದ ಪೇಟೆಯ ಆ ಪುಟ್ಟ ಅಂಗಡಿ ಕಣ್ಣ ಮುಂದೆ ಬಂತು. ಮೇಜಿನ ತುಂಬ ಬಿಚ್ಚಿಟ್ಟ ರೇಡಿಯೋಗಳು, ನಡುವೆ ಕಾಕ... ಊರೆಲ್ಲ ಅವರನ್ನು ರೇಡಿಯೋ ಕಾಕ ಎಂದೇ ಕರೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ನಾನು ರಜೆ ಸಿಕ್ಕಿದರೆ ಅಲ್ಲೇ ಠಿಕಾಣಿ ಹೂಡುತ್ತಿದ್ದೆ. ಕಾಲೇಜಿಗಿಂತ ಆ ಮೇಜು ಹೆಚ್ಚು ಕಲಿಸಿತು ಎಂದರೆ ನಮ್ಮ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

ಒಂದು ವರ್ಷ ಕಾಕನಿಗೆ ಕೆಟ್ಟ ಜ್ವರ ಬಂತು. ವಾರಗಟ್ಟಲೆ ಕೊಟ್ಟ ಇಂಜೆಕ್ಷನ್ ಜೀವ ಉಳಿಸಿತು, ಆದರೆ ಒಳಕಿವಿಯಲ್ಲಿ ಸಮತೋಲ ನೋಡಿಕೊಳ್ಳುವ ಭಾಗವನ್ನು ಹಾಳುಮಾಡಿತು. ಕಿವಿ ಕೇಳುತ್ತಿತ್ತು, ನಡೆದರೆ ಮಾತ್ರ ಲೋಕವೇ ಕುಲುಕುತ್ತಿತ್ತು. ಕುಡಿದಿದ್ದಾರೆ ಎಂದು ನಕ್ಕವರೂ ಇದ್ದರು, ಜೀವಮಾನದಲ್ಲಿ ಒಂದು ಹನಿ ಮುಟ್ಟದವರನ್ನು! ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅವರ ಮನೆಗೂ ಅಂಗಡಿಗೂ ನಡುವೆ ಒಂದು ಹಳ್ಳ, ಹಳ್ಳಕ್ಕೆ ಒಂದೇ ದಪ್ಪ ದಿಮ್ಮಿಯ ಕಾಲುಸಂಕ. ಅದನ್ನು ಒಬ್ಬರೇ ದಾಟಿ ಅಂಗಡಿ ತೆರೆಯಬೇಕು, ಕಾಕನ ಹಟ ಇಷ್ಟೇ. "ಕೈ ಹಿಡ್ಕೊಳ್ಳಿ ಕಾಕ" ಎಂದು ಯಾರಾದರೂ ಮುಂದೆ ಬಂದರೆ ಉರಿದುಬೀಳುತ್ತಿದ್ದರು.

ಕಡೆಗೆ ಒಂದು ಟೋಪಿ ತಯಾರಾಯಿತು. ಉಲ್ಲನ್ ಟೋಪಿಯ ಎರಡೂ ಬದಿಗೆ ಖಾಲಿ ಇಂಜೆಕ್ಷನ್ ಬಾಟಲಿ, ಅದರೊಳಗೆ ಒಡೆದ ಥರ್ಮಾಮೀಟರುಗಳ ಪಾದರಸ. ತಲೆ ಎಡಕ್ಕೆ ವಾಲಿದರೆ ಪಾದರಸ ಹರಿದು ತಂತಿಗೆ ತಾಗಿ ಎಡಗಡೆಯ ಬಜರ್ ಕೂಗಬೇಕು. ಬಲಕ್ಕೆ ವಾಲಿದರೆ ಬಲಗಡೆಯದು. ಅದನ್ನು ಕೇಳಿ ಕಾಕ ನೆಟ್ಟಗಾಗಬೇಕು. ಬೆಸುಗೆ ನನ್ನದು, ಹೆಮ್ಮೆ ಇಬ್ಬರದು.

"ಕೆಡಿಸಿದ್ದು ಇದೇ ಬಾಟ್ಲಿ. ಸರಿ ಮಾಡೋದೂ ಇದೇ ಮಾಡ್ಲಿ," ಎಂದರು ಕಾಕ.

ಟೋಪಿ ಹಾಕಿಕೊಂಡು ಸಂಕದ ಅರ್ಧಕ್ಕೆ ಹೋದವರು ಹಳ್ಳಕ್ಕೆ ಬಿದ್ದರು. ಬಜರ್ ಕೂಗಿದ್ದು ಬೀಳುವಾಗ. ನಾನು ಅಳುತ್ತಾ ಇಳಿದು ಹೋದರೆ, ಮೊಣಕಾಲುದ್ದದ ನೀರಲ್ಲಿ ಕೂತಿದ್ದ ಕಾಕ ನನಗೇ ಪಾಠ ಹೇಳಿದರು: "ವಾಲಿದ್ಮೇಲೆ ಹೇಳಿದ್ರೆ ಎಂತ ಪ್ರಯೋಜನ ಮಾರಾಯ್ತಿ? ವಾಲೋಕೆ ಶುರುವಾಗ್ವಾಗ್ಲೇ ಹೇಳ್ಬೇಕು."

ವಾಲುವ ಮೊದಲ ಸುಳಿವನ್ನೇ ಹಿಡಿಯುವಂಥ ಬಿಡಿಭಾಗ ಆಗ ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು... ಮರುದಿನ ಕಾಕ ದಿಮ್ಮಿಯ ಮೇಲೆ ಕುದುರೆ ಹತ್ತಿದಂತೆ ಕೂತು, ಕೈಯೂರಿ ಜಾರುತ್ತಾ ಜಾರುತ್ತಾ ಈಚೆ ದಡ ಸೇರಿದರು. "ಕೂತು ದಾಟಿದ್ರೂ ದಾಟಿದ್ದೇ," ಎಂದು ಲುಂಗಿ ಕೊಡವಿಕೊಂಡು ಹೋಗಿ ಅಂಗಡಿಯ ಬೀಗ ತೆಗೆದರು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ತೀರಿಕೊಂಡರು. ಕೊನೆಯವರೆಗೂ ಹಾಗೇ ದಾಟಿದರು, ಯಾರ ಕೈಯನ್ನೂ ಹಿಡಿಯದೆ.

ಈಗ ನಾವು ಲ್ಯಾಬಿನಲ್ಲಿ ಮಾಡುತ್ತಿರುವುದು ಕಿವಿಯ ಹಿಂದೆ, ಚರ್ಮದಡಿ ಇಡುವ ಪುಟ್ಟ ಯಂತ್ರ. ತಲೆ ಅಲುಗಲು ತೊಡಗಿದ ಕ್ಷಣವೇ ಅದನ್ನು ಅಳೆದು ಒಳಕಿವಿಯ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಕಾಕ ನೀರಲ್ಲಿ ಕೂತು ಕೇಳಿದ್ದು ಇದನ್ನೇ. ಆದರೆ ನನ್ನ ಯಂತ್ರವೂ ಆ ಟೋಪಿಯ ಹಾಗೇ, ಅವರ ಪಾಲಿಗೆ ತಡವಾಗಿ ಕೂಗಿತು. ಆ ನೋವು ನನ್ನನ್ನು ಬಿಟ್ಟು ಹೋಗುವುದಿಲ್ಲ.

ಮೊನ್ನೆ ಸಭೆಯಲ್ಲಿ ಹಿರಿಯರೊಬ್ಬರು ಈ ಕೆಲಸ ನಿಲ್ಲಿಸೋಣ ಎಂದರು. "ಸಮತೋಲ ಇಲ್ಲ ಅಂತ ಯಾರೂ ಸಾಯಲ್ಲ. ಒಂದು ಕೋಲು ಕೊಟ್ರೆ ಸಾಕಲ್ವಾ?"

"ಕೋಲು ಹಿಡ್ಕೊಂಡು, ಕಣ್ಣು ಮುಚ್ಕೊಂಡು ಒಂದು ಸಂಕ ದಾಟಿ ತೋರ್ಸಿ ಸಾರ್," ಎಂದು ಎದ್ದು ಬಂದವಳು ನೇರ ಬೆಸುಗೆಗೆ ಕೈಹಾಕಿದೆ. ಆ ಹೊಗೆ ಎದ್ದದ್ದು ಆಗಲೇ. ಅವರು ನಿಲ್ಲಿಸಿದರೆ ನಿಲ್ಲಿಸಲಿ. ನಾನು ಕಾಕನ ಹಾಗೆ ಕೂತಾದರೂ ದಾಟುತ್ತೇನೆ.