ನಮ್ಮವರ ಪಾಲಿನ ಭಂಡಾರ

ಮೊನ್ನೆ ಟ್ರಂಕ್ ಖಾಲಿ ಮಾಡಾಕ ಕುಂತಾಗ ಬುಡದಾಗ ಒಂದು ಬಿಳಿ ಟವೆಲ್ ಸಿಕ್ತು. ಬಿಳೀದು ಅನ್ನೋದು ಹೆಸರಿಗಷ್ಟ. ಒಂದು ಮೂಲಿ ಪೂರಾ ಅರಿಷಿಣ ಬಣ್ಣ. ಮೂಗಿಗೆ ಹಿಡದ್ನಿ ನೋಡ್ರಿ, ಭಂಡಾರದ, ಅಂದ್ರ ದೇವರ ಅರಿಷಿಣ ಪುಡಿ ವಾಸನಿ ಇನ್ನೂ ಹಂಗ ಇತ್ತು! ಸೋಡಾ ಹಾಕಿ ತಿಕ್ಕೇನಿ, ಬಿಸಲಿಗೆ ಹಾಕೇನಿ, ಹೋಗಿಲ್ಲ. ಬಾಜೂ ಮನಿ ದೊಡ್ಡವ್ವ ಗಂಟು ಕಟ್ಟಿದ್ದ ಟವೆಲ್ ಅದು. ಆಕಿ ಕಟ್ಟಿದ್ದು ಹಂಗ ಸುಮ್ನ ಬಿಟ್ಟು ಹೋಗೂ ಪೈಕಿ ಅಲ್ಲ...

ದೊಡ್ಡವ್ವ ಅಂತಿದ್ವಿ ಖರೆ, ಸಂಬಂಧ ಏನೂ ಇಲ್ಲ. ಬನಹಟ್ಟ್ಯಾಗ ನಮ್ಮ ಮನಿಗೂ ಆಕಿ ಮನಿಗೂ ನಡುವ ಒಂದ ಗ್ವಾಡಿ, ಅಷ್ಟ. ಕುರಿ ಕಾದ ಮನೆತನದಾಕಿ. ಗಂಡ ಹೋದಮ್ಯಾಲ ಕುರಿ ಮಾರಿ ಮಗನ್ನ ಸಾಲಿ ಕಲಿಸಿದ್ಲು. ಅವಗ ಮುಧೋಳದಾಗ ನೌಕರಿ ಹತ್ತಿತ್ತು. ಕುರಿ ಹೋದ್ರೂ ದನಿ ಹೋಗಿರಲಿಲ್ಲ ನೋಡ್ರಿ, ಹಿತ್ತಲದಾಗ ಮಾತಾಡಿದ್ರ ಓಣಿ ತುದಿಗೆ ಕೇಳತಿತ್ತು. ದಿನಾ ಜಳಕಾ ಮಾಡಿ, ಮನಿದೇವರು ಬೀರಪ್ಪನ ಹೆಸರಿಲೆ ಹಣಿಗೆ ಭಂಡಾರ ಹಚ್ಕೊಂಡು ಒಂದು ಚಿಟಿಕಿ ಬಾಯಾಗ ಹಾಕ್ಕೊತಿದ್ಲು. ಎದುರಿಗೆ ಯಾರ ಸಿಕ್ರೂ ಬಿಡತಿರಲಿಲ್ಲ. ಹಾಲಿನವನ ಹಣಿನೂ ಹಳದಿ, ಸಾಲಿ ಹುಡುಗೂರ ಹಣಿನೂ ಹಳದಿ.

ನಮ್ಮವರು ಪಾವರ್‌ಲೂಮಿನ್ಯಾಗ ಕೆಲಸ ಮಾಡೂರು. ಹತ್ತಿ ಧೂಳಿಗೋ ಏನೋ ದಮ್ಮು ಹತ್ತಿತ್ತು. ಜಮಖಂಡಿ ದವಾಖಾನಿ ಆತು, ಮಹಾಲಿಂಗಪುರದ ನಾಟಿ ಔಷಧ ಆತು, ಕಡೀಕ ಯಾವುದೂ ತಾಗಲಾರದಂಗ ಆತು. ಬಾಗಿಲದಿಂದ ಓಣಿ ಮೂಲಿತನಾ ಹೋಗಬೇಕಂದ್ರ ನಡುವ ಕುಂದರತಿದ್ರು. ಹಿಂಗ ಇದ್ದಾಗ ದೂರದ ಶಹರದ ಒಂದು ದೊಡ್ಡ ದವಾಖಾನ್ಯಾಗ ಹೊಸಾ ಔಷಧದ ಟ್ರಯಲ್ ನಡದೈತಿ, ಅಲ್ಲೇ ಇದ್ದು ತಗೋಬೇಕು ಅಂತ ಗೊತ್ತಾತು. ನಾ ಬ್ಯಾಡ್ರಿ ಅಂದ್ನಿ. ಇವರು ಮಾತ್ರ ಒಂದ ಮಾತಿಗೆ ಹೂಂ ಅಂದ್ರು. ಮುಂದ ದಾರಿ ಅದೊಂದ ಉಳದಿತ್ತು.

ಅಲ್ಲಿ ಕಾಯ್ದೆ ಭಾಳ ಬಿಗಿ. ಅವರು ಕೊಟ್ಟ ಊಟ, ಅವರು ಕೊಟ್ಟ ಚಾ, ಅವರು ಕೊಟ್ಟ ಗುಳಿಗಿ. ಹೊರಗಿಂದು ಏನರ ಬಾಯಿಗೆ ಹೋತಂದ್ರ ಟ್ರಯಲ್‌ನಿಂದ ಹೊರಗ. ಇದನ್ನ ಹೇಳಿದ್ದಕ್ಕ ದೊಡ್ಡವ್ವಗ ಎಲ್ಲಿಲ್ಲದ ಸಿಟ್ಟು.

"ಶೇಂಗಾ ಹಿಂಡಿನೂ ಬ್ಯಾಡಂತೇನಬೇ? ಅದೇನ್ ದವಾಖಾನಿನೋ, ಜೇಲೋ?"

ಬೈಕೋತ ಬೈಕೋತ ತಾನ ಕಟ್ಟಿದ್ದ ಕಟಕ್ ರೊಟ್ಟಿ, ಹಿಂಡಿ, ಒಂದು ಪೆಂಟಿ ಬೆಲ್ಲ, ಎಲ್ಲಾ ತಾನ ಚೀಲದಿಂದ ಹೊರಗ ತಗದ್ಲು. ತಗದು, ಟವೆಲ್ಲಿನ ಮೂಲ್ಯಾಗ ಒಂದು ಹಿಡಿ ಭಂಡಾರ ಗಂಟು ಕಟ್ಟಿ ಒಳಗಿಟ್ಲು. ನಾ ಬಾಜೂಕ ನಿಂತು ನೋಡಿದ್ನಿ, ಇವರೂ ನೋಡಿದ್ರು. ಯಾರಿಗೂ ಏನೂ ಅನಸಲಿಲ್ಲ. ಭಂಡಾರಕ್ಕ ನಮ್ಮಲ್ಲಿ ತಿನ್ನೋದು ಅಂತ ಯಾರಂತಾರ್ರಿ? ಅದು ಊಟಾನೂ ಅಲ್ಲ, ಔಷಧಾನೂ ಅಲ್ಲ. ಅದು ಬೀರಪ್ಪ.

ಇವರು ಹೋದ ದಿನಾನ ಆಕಿ ತನ್ನ ಕಂಬಳಿ ಹೆಗಲಮ್ಯಾಲ ಹಾಕ್ಕೊಂಡು ನಮ್ಮ ಮನಿಗೆ ಬಂದ್ಲು. "ಮಾರಿ ಸಪ್ಪಗ ಮಾಡ್ಕೊಂಡು ಕುಂದರಬ್ಯಾಡ. ನಾ ಏನ್ ಸತ್ತೇನೇನು?" ಅಂದ್ಲು. ಅಲ್ಲಿಂದ ಮನಿ ಆಕಿ ಕೈಯಾಗ. ನಳಾ ಬಂದ್ರ ಮೊದಲ ಕೊಡಾ ಆಕಿದ. ನನ್ನ ಮಗಳ ಜಡಿ ಎಷ್ಟು ಬಿಗಿ ಹೆಣೀತಿದ್ಲಂದ್ರ, ಹುಡುಗಿ ಹುಬ್ಬು ಮ್ಯಾಲೇರಿ ಸಾಲ್ಯಾಗ ದಿನಾ ಗಾಬರಿಯಾದಂಗ ಕಾಣತಿತ್ತು. ನನ್ನ ಪಲ್ಯಕ್ಕ ಖಾರ ಸಾಲದು, ನನ್ನ ರೊಟ್ಟಿ ದಪ್ಪ, ನನ್ನ ಕಸಬರಗಿ ಮೂಲಿ ಮುಟ್ಟೂದಿಲ್ಲ. ಒಮ್ಮೊಮ್ಮೆ ಇವರಕಿಂತ ಮೊದಲ ನಾ ದವಾಖಾನಿ ಸೇರತೇನಿ ಅನಸತಿತ್ತು ಖರೆ... ಆದ್ರ ಆ ದಿನದಾಗ ನಾ ನಕ್ಕಷ್ಟು ಎಂದೂ ನಕ್ಕಿಲ್ಲ.

ಮಗಳನ್ನ ಸಾಲಿಗೆ ಬಿಡಾಕ ಸ್ಕೂಟಿ ಇತ್ತು, ನನಗ ಹೊಡಿಯಾಕ ಬರತಿರಲಿಲ್ಲ. "ಕಲಿ" ಅಂದ್ಲು. ಕಲಸೂರ್ಯಾರು? ತಾನ ಹಿಂದ ಹತ್ತಿ ಕುಂತ್ಲು! ಇಳಕಲ್ ಸೀರಿ ಕಚ್ಚಿ ಹಾಕಿ, ಎರಡೂ ಕಡೆ ಕಾಲ ಬಿಟ್ಟು. ರಬಕವಿ ರೋಡಿನ್ಯಾಗ ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದ್ರ ನಾ ಕಣ್ಣ ಮುಚ್ಚತಿದ್ನಿ, ಆಕಿ ನನ್ನ ಸೊಂಟಾ ಹಿಡದು ಹಿಂದಕ್ಕ ಜಗ್ಗತಿದ್ಲು. ದಾರಿ ಮಂದಿಗೆಲ್ಲಾ "ಸರೀರ್ಯೋ, ಸರೀರಿ, ನಮಗ ಬ್ರೇಕಿಲ್ಲ!" ಅಂತ ಒದರತಿದ್ಲು. ಒಂದಿನ ಸೀದಾ ಹೋಗಿ ಕಬ್ಬಿನ ಒಣಾ ಎಲಿ, ರವದಿ ಗುಂಪಿನ್ಯಾಗ ಬಿದ್ವಿ. ತಲಿ ತುಂಬ ರವದಿ. ಎದ್ದಾಕಿನ, "ಬೀಳೂದು ಕಲ್ತಿ. ಇನ್ನ ನಿಲ್ಲೂದು ಕಲಿ" ಅಂದ್ಲು.

ಸಂಜಿಗೆ ಇವರ ಫೋನ್ ಬರತಿತ್ತು, ಮಾರಿ ಕಾಣೂ ಫೋನ್. ಅಲ್ಲಿ ಯಾರಿಗೆ ಖರೆ ಗುಳಿಗಿ, ಯಾರಿಗೆ ಬರೇ ಹಿಟ್ಟಿನ ಗುಳಿಗಿ ಅಂತ ಡಾಕ್ಟರಿಗೂ ಗೊತ್ತಿರೂದಿಲ್ಲಂತ ಇವರು ಹೇಳಿದ್ದಕ್ಕ ದೊಡ್ಡವ್ವ ಹಣಿ ಹಣಿ ಬಡಕೊಂಡ್ಲು. "ಡಾಕ್ಟರಿಗೇ ಗೊತ್ತಿಲ್ಲಂದ್ರ ಅವಂಗ ಸಾಲಿ ಕಲಿಸಿದವನ ಯಾರು?" ಅಂದ್ಲು.

ಎಂಟ್ಹತ್ತು ದಿನ ಆಗಿರಬೇಕು. ಮುಂಜಾನಿ ಹೊತ್ತಿನ್ಯಾಗ ಫೋನ್ ಬಂತು. ಇವರ ದನಿ ಸಣ್ಣಗಾಗಿತ್ತು. ಅವತ್ತ ತಪಾಸಣಿ ಮಾಡೂವಾಗ ಸಿಸ್ಟರ್ ಇವರ ನಾಲಿಗಿ ನೋಡಿದ್ದಾಳ, ಹಳದಿ! ಕಾಮಣಿ ಆಗೈತಿ, ಹೊಸಾ ಔಷಧಾನ ತ್ರಾಸ ಕೊಟ್ಟೈತಿ ಅಂತ ಡಾಕ್ಟರಿಗೆಲ್ಲಾ ಗಾಬರಿ. ರಕ್ತಾ ತಗದ್ರು, ಕಣ್ಣ ಅಗಲಿಸಿ ನೋಡಿದ್ರು. ಇವರು ಹಾಸಿಗ್ಯಾಗ ಕುಂತು, "ಏನಿಲ್ರಿ ಸಾಹೇಬ್ರ, ಭಂಡಾರರಿ ಅದು, ದಿನಾ ಜಳಕಾ ಮಾಡಿ ಒಂದು ಚಿಟಿಕಿ ಬಾಯಾಗ ಹಾಕ್ಕೊತೇನ್ರಿ" ಅಂತ ಟವೆಲ್ ಬಿಚ್ಚಿ ತೋರಿಸ್ಯಾರ. ಏನರ ತಿಂದೀರೇನು ಅಂತ ದಿನಾ ಕೇಳತಿದ್ರಂತ, ಇವರು ದಿನಾ ಇಲ್ಲಂತಿದ್ರಂತ. ಇವರ ಮನಸಿನ್ಯಾಗ ಅದು ಸುಳ್ಳಲ್ಲ.

ಡಾಕ್ಟರಿಗೆ ಅದು ಬರೇ ಅರಿಷಿಣ. ಹೊರಗಿನ ಪದಾರ್ಥ. ಇಟ್ಕೋಬೇಕೋ ಕಳಸಬೇಕೋ ಅಂತ ಮ್ಯಾಲಿನವರನ್ನ ಕೇಳಿ ಹೇಳತೇವಿ ಅಂದಿದ್ರು.

ದೊಡ್ಡವ್ವ ಒಲಿ ಮುಂದ ಕುಂತಾಕಿ ಏಳಲೇ ಇಲ್ಲ. ಆ ದನಿ ಎಲ್ಲಿ ಹೋತೋ ಏನೋ... "ನನ್ನ ಕೈಯಾರ ಹುಡುಗನ ಬಾಯಾಗ ಮಣ್ಣ ಹಾಕಿದ್ನೆಲ್ಲೋ ಬೀರಪ್ಪಾ" ಅಂದ್ಲು. ಟ್ರಯಲ್ ತಪ್ಪಿತಂದ್ರ ಇವರು ಮತ್ತ ಅದ ಬಾಗಿಲದಾಗ ಕುಂತು ಉಸರಿಗೆ ತಡಕಾಡೂದು. ಅದನ್ನ ಮತ್ತ ನೋಡೂ ಶಕ್ತಿ ನನಗಿರಲಿಲ್ಲ.

ಆಮ್ಯಾಲ ಆಕಿನ ಎದ್ದು "ಡಾಕ್ಟರಿಗೆ ಫೋನ್ ಹಚ್ಚು" ಅಂದ್ಲು. ಹಚ್ಚಿದ್ನಿ. ಡಾಕ್ಟರ ಮಾರಿ ಕಂಡಕೂಡಲೆ ಸೆರಗು ತಲಿಮ್ಯಾಲ ಎಳಕೊಂಡು ಎರಡೂ ಕೈ ಮುಗದ್ಲು.

"ಸಾಹೇಬ್ರ, ಕಟ್ಟಿದಾಕಿ ನಾನ್ರಿ. ಬೈಯೂದಿದ್ರ ನನ್ನ ಬೈರಿ. ಅವ ಸುಳ್ಳ ಹೇಳೂ ಮಗಾ ಅಲ್ರಿ, ನೀವು ಬ್ಯಾಡಂದ್ರ ಇನ್ನ ಮುಟ್ಟೂದಿಲ್ಲ. ಅವಗ ಉಸರ ಬೇಕ್ರಿ, ಹೊರಗ ಹಾಕಬ್ಯಾಡ್ರಿ."

ಡಾಕ್ಟರು ಎಷ್ಟು ಕಟ್ಟಿದ್ರಿ, ಅದರಾಗ ಬ್ಯಾರೆ ಏನರ ಕೂಡಿಸೀರೇನು ಅಂತ ಕೇಳಿ ಬರಕೊಂಡ್ರು. ಮರುದಿನ ಸುದ್ದಿ ಬಂತು. ಹೊರಗ ಹಾಕೂದಿಲ್ಲ. ಆದ್ರ ಇಷ್ಟ ದಿನದ್ದು ಲೆಕ್ಕಕ್ಕಿಲ್ಲ, ಕೆಲವು ದಿನ ಸುಮ್ನ ಇಟ್ಟು ಮೊದಲಿಂದ ಸುರು. ಇವರು ಇನ್ನಷ್ಟು ದಿನ ಅಲ್ಲೇ ಇರಬೇಕು. ನಾ ಖುಷಿಗೆ ದೊಡ್ಡವ್ವನ ತೆಕ್ಕಿಗೆ ಬಿದ್ನಿ. ಆಕಿ ಮಾತ್ರ ವಿಚಾರ ಮಾಡಾಕತ್ತಿದ್ಲು. ಡಾಕ್ಟರಿಗೆ ಮಾತು ಕೊಟ್ಟಾತು, ಇನ್ನ ಬೀರಪ್ಪಗ ಏನ್ ಹೇಳೂದು?

ಮರುದಿನ ಜಳಕಾ ಮಾಡಿ ಬಂದು ನಮ್ಮ ಹೊಸ್ತಲದಾಗ ನಿಂತ್ಲು. ತನ್ನ ಚಿಟಿಕಿ ಬಾಯಾಗ ಹಾಕ್ಕೊಂಡ್ಲು. ಆಮ್ಯಾಲ ಇನ್ನೊಂದು ಚಿಟಿಕಿ ಹಿಡದು, ಗುಡಿ ದಿಕ್ಕಿಗೆ ತಿರುಗಿ, ಹಳೇ ದನೀಲೆ ಹೇಳಿದ್ಲು: "ಬೀರಪ್ಪಾ, ಇದು ನಮ್ಮ ಹುಡುಗನ ಪಾಲಿಂದು. ಅವಗ ಡಾಕ್ಟರು ಬ್ಯಾಡಂದಾರ. ಅವನ ಬದ್ಲಿ ನಾ ತಿಂತೇನಿ, ಅವನ ಲೆಕ್ಕಕ್ಕ ಹಚ್ಕೋ!"

ಇವರು ಬರೂತನಾ ದಿನಾ ಅದ ನಡೀತು. ಓಣಿ ಮಂದಿ ನಗತಿದ್ರು, ಮಗಳು ಬಾಯಿ ಮುಚ್ಕೊಂಡು ನಗತಿದ್ಲು. ಆಕಿ ಒಂದ ದಿನಾನೂ ತಪ್ಪಿಸಲಿಲ್ಲ. ಎರಡು ಪಾಲು ತಿಂದು ತಿಂದು ಆಕಿ ಹಲ್ಲ ಹಳದಿ ಆಗಿದ್ವು.

ಇವರು ಬಂದ್ರು. ಖರೆ ಗುಳಿಗಿ ಸಿಕ್ಕಿತ್ತೋ ಹಿಟ್ಟಿಂದು ಸಿಕ್ಕಿತ್ತೋ ನಮಗ ಯಾರೂ ಹೇಳಲಿಲ್ಲ. ಆದ್ರ ದಿನದಿಂದ ದಿನಕ್ಕ ಎದಿ ಹಗರಾತು, ಮತ್ತ ಕೆಲಸಕ್ಕ ಹತ್ತಿದ್ರು. "ನನ್ನ ಚಿಟಿಕಿ ಹತ್ತಿತು" ಅಂತ ದೊಡ್ಡವ್ವ, "ಗುಳಿಗಿ ಹತ್ತಿತು" ಅಂತ ಇವರು. ಇಬ್ಬರೂ ಕಟ್ಟಿಮ್ಯಾಲ ಕುಂತು ಜಗಳಾ ಆಡತಿದ್ರು.

ಹ್ವಾದ ಥಂಡ್ಯಾಗ ದೊಡ್ಡವ್ವ ಹೋದ್ಲು. ಮುಂಜಾನೆ ಜಳಕಕ್ಕ ಎಬ್ಬಸಾಕ ಹೋದ್ರ ಎದ್ದಿರಲಿಲ್ಲ, ಅಷ್ಟ. ಮಣ್ಣಿಗೆ ಒಯ್ಯೂವಾಗ ಇವರು ಮುಂದ ಬಂದು ಹೆಗಲು ಕೊಟ್ರು. "ಅಣ್ಣಾರ, ನೀವು ಬ್ಯಾಡ್ರಿ, ದಮ್ಮು ಹತ್ತತೈತಿ" ಅಂದ ಮುಧೋಳದ ಮಗ. ಇವರು ಹೆಗಲು ಸರಿಮಾಡ್ಕೊಂಡು ನಡದ್ರು. ಮಣ್ಣ ಮಾಡೂದು ಊರ ಹೊರಗ ದೊಡ್ಡವ್ವನ ಮನೆತನದ ಹೊಲದಾಗ, ದೂರದ ದಾರಿ. ಮಂದಿ ಮಂದಿ ಹೆಗಲು ಬದಲಿಸಿದ್ರಂತ, ಇವರು ಒಬ್ಬರು ಕಡೀತನಾ ಬಿಡಲಿಲ್ಲಂತ.

ತಿರುಗಿ ಬಂದಾಗ ನಾ ಮೊದಲ ಇವರ ಎದಿ ನೋಡಿದ್ನಿ. ಉಸರು ಸಾವಕಾಶ ಆಡಾಕತ್ತಿತ್ತು. ಕಟ್ಟಿಮ್ಯಾಲ ಕುಂತು ಸಣ್ಣ ಹುಡುಗನಗತೆ ಅತ್ತುಬಿಟ್ರು. "ಅಷ್ಟ ದೂರ ಹೊತ್ಕೊಂಡ ಹೋದ್ನಿ, ಒಮ್ಮೇನೂ ನಿಲ್ಲಲಿಲ್ಲ. ಆಕಿಗೆ ಹೇಳಬೇಕಿತ್ತು" ಅಂದ್ರು.

ಈಗ ಆ ಮನ್ಯಾಗ ಬಾಡಿಗಿಯವರು ಅದಾರ. ಛಲೋ ಮಂದಿ, ದನಿ ತಗ್ಗಿಸಿ ಮಾತಾಡತಾರ. ನಮ್ಮವರು ದಿನಾ ನಡಕೊಂಡ ಕೆಲಸಕ್ಕ ಹೋಗಿ ಬರತಾರ, ಎಲ್ಲೂ ಕುಂದರೂದಿಲ್ಲ. ನಾ ಬಾಗಿಲದಾಗ ನಿಂತು ನೋಡತೇನಿ. ನನ್ನ ಜೋಡಿ ನಿಂತು ನೋಡಾಕ ದೊಡ್ಡವ್ವ ಇಲ್ಲ.