ಮೂರನೆಯ ಹೊಗೆ

ಅವ್ವ ಹೊಲದಲ್ಲಿ ಕಸ ಸುಡುತ್ತಿದ್ದಾಗ ಮಂತ್ರಿಗಳ ಹೆಲಿಕಾಪ್ಟರ್ ನಮ್ಮೆದುರೇ ಇಳಿಯಿತು. ಎಂಬತ್ತರ ದಶಕದ ಚುನಾವಣೆ ಅದು. ಅವರ ಪಕ್ಷದ ಎರಡು ಬಣದವರು ಹಟಕ್ಕೆ ಬಿದ್ದು, ಹುನಗುಂದದಲ್ಲೊಂದು ಇಳಕಲ್ಲಿನಲ್ಲೊಂದು ಸಭೆ ಇಟ್ಟು, ಪೈಲಟ್‌ಗೆ ಗುರುತಾಗಲೆಂದು ಎರಡೂ ಕಡೆ ಹೊಗೆ ಹಾಕಿದ್ದರು. ಅವನ ಕಣ್ಣಿಗೆ ಬಿದ್ದದ್ದು ನಡುವೆ ಇದ್ದ ನಮ್ಮ ಹೊಗೆ.

ಕೈಮುಗಿಯುತ್ತ ಇಳಿದ ಮಂತ್ರಿಗಳು, "ಜನ ಎಲ್ಲಿ?" ಎಂದರು.

"ಹುನಗುಂದದಾಗೂ ಅದಾರ್ರಿ, ಇಳಕಲ್ಲದಾಗೂ ಅದಾರ್ರಿ. ಇಲ್ಲೆ ನಾನು, ನನ್ನ ಮಗಳು ಇಬ್ರ ಅದೀವಿ. ನೀವು ಮಾತಾಡ್ರಿ, ಕೇಳ್ತೇವಿ," ಎಂದಳು ಅವ್ವ.

ಮಂತ್ರಿಗಳು ಮಜ್ಜಿಗೆ ಕುಡಿದು, ಯಾವ ಸಭೆಗೂ ಹೋಗದೆ ಹಾರಿಹೋದರು.

ಆ ಹೊಗೆಯನ್ನು ಎದುರು ಬಣದವರೇ ನಮ್ಮಿಂದ ಹಾಕಿಸಿದ್ದೆಂದು ಎರಡೂ ಕಡೆಯವರು ನಂಬಿದರು. ಅವ್ವ ಇರುವತನಕ ವೋಟು ಕೇಳಲು ನಮ್ಮ ಮನೆಗೆ ಯಾರೂ ಬರಲಿಲ್ಲ. ಅಷ್ಟು ನೆಮ್ಮದಿಯನ್ನು ಬೇರೆ ಯಾವ ಮಂತ್ರಿಯೂ ನಮಗೆ ಕೊಟ್ಟಿಲ್ಲ.