‘ಡೈರೆಕ್ಟ್’ ಕೊಡದ ಪಂಪಕ್ಕ

ಬೆಳಗಿನ ಐದು ಗಂಟೆ. ಈಜುಕೊಳದ ಅಡಿಯ ಪಂಪ್ ಕೋಣೆಯಲ್ಲಿ ಬಗ್ಗಿ ನಡೆಯಬೇಕು, ಇಲ್ಲದಿದ್ದರೆ ಪೈಪು ಹಣೆಗೆ ಬಡಿಯುತ್ತದೆ. ಇಲ್ಲಿನ ಆಪರೇಟರ್ ಮಾತ್ರ ಬಗ್ಗದೆ ಸಲೀಸಾಗಿ ಓಡಾಡುತ್ತಾರೆ. ‘ಈ ಕೆಲಸಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗಿದೀನಿ’ ಎಂದು ನಗುತ್ತಾರೆ. ಲೈಫ್‌ಗಾರ್ಡ್‌ಗಳು ಆಕೆಗಿಟ್ಟ ಹೆಸರು ಪಂಪಕ್ಕ.

ಗೋಡೆಯ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಹನ್ನೊಂದು ರಿಲೇಗಳಿವೆ. ಪಂಪು, ಹೀಟರ್, ನೀರೊಳಗಿನ ದೀಪ ಚಾಲೂ ಆಗುವುದೂ ಬಂದ್ ಆಗುವುದೂ ಈ ಸ್ವಿಚ್ಚುಗಳಿಂದಲೇ. ಪಂಪಕ್ಕ ಒಂದೊಂದೇ ಗುಂಡಿ ಒತ್ತಿ ‘ಟಕ್’ ಸದ್ದಿಗೆ ಕಿವಿಗೊಡುತ್ತಾರೆ. ‘ಸದ್ದು ಸಣ್ಣಗಾದ್ರೆ ಅದಕ್ಕೆ ಹುಷಾರಿಲ್ಲ ಅಂತ.’

ಹತ್ತೊಂಬತ್ತು ವರ್ಷದ ಹಿಂದೆ ಕಸ ಗುಡಿಸಲು ಸೇರಿದವರು. ಆಗಿನ ಎಲೆಕ್ಟ್ರಿಷಿಯನ್‌ಗೆ ಕಣ್ಣು ಮಂಜಾಗಿತ್ತು. ಆತನಿಗೆ ತಂತಿಯ ಬಣ್ಣ ಹೇಳುತ್ತಾ ಹೇಳುತ್ತಾ ಈಕೆ ವೈರಿಂಗನ್ನೇ ಕಲಿತುಬಿಟ್ಟರು. ಆಮೇಲೆ ಪರೀಕ್ಷೆ ಬರೆದು ಲೈಸೆನ್ಸನ್ನೂ ಪಡೆದರು. ಈಗ ಬೆರಳ ಚರ್ಮ ಸುಲಿದಿದೆ, ಮಂಡಿ ಮಾತು ಕೇಳುವುದಿಲ್ಲ. ದಿನಕ್ಕೆ ನಾನೂರು ಮಂದಿ ಈಜುತ್ತಾರೆ. ಕೆಳಗೊಬ್ಬರಿದ್ದಾರೆಂದು ಬಲ್ಲವರು ನಾಲ್ಕು ಮಂದಿ ಸಿಕ್ಕರೆ ಹೆಚ್ಚು.

ಕಳೆದ ತಿಂಗಳು ಒಂದು ರಿಲೇ ಸುಟ್ಟುಹೋಯಿತು. ಪಂಪು ನಿಂತರೆ ಕ್ಲೋರಿನ್ನನ್ನೂ ನಿಲ್ಲಿಸುವ ರಿಲೇ ಅದು. ಅದಿಲ್ಲದಿದ್ದರೆ ಪೈಪಿನಲ್ಲಿ ಕ್ಲೋರಿನ್ ತುಂಬಿಕೊಂಡು, ಪಂಪು ಮತ್ತೆ ಶುರುವಾದಾಗ ಒಮ್ಮೆಲೇ ಈಜುವವರ ಮುಖಕ್ಕೆ ನುಗ್ಗುತ್ತದೆ. ಹೊಸದು ಬರಲು ಎರಡು ದಿನ ಬೇಕು. ಮಕ್ಕಳ ಸ್ಪರ್ಧೆ ಮರುದಿನವೇ. ಮ್ಯಾನೇಜರ್ ಕೆಂಡಾಮಂಡಲವಾದರು: ‘ರಿಲೇ ಬಿಟ್ಟು, ಒಂದು ತುಂಡು ವೈರ್ ಹಾಕಿ ಡೈರೆಕ್ಟ್ ಕೊಡಮ್ಮ! ಒಂದಿನಕ್ಕೆ ಏನಾಗತ್ತೆ?’

ಜಪ್ಪಯ್ಯ ಅಂದರೂ ಪಂಪಕ್ಕ ಒಪ್ಪಲಿಲ್ಲ. ತಾನು ಹೋದಮೇಲೆ ಬೇರೆ ಯಾರಾದರೂ ಜೋಡಿಸಿಬಿಟ್ಟರೆ? ಕ್ಲೋರಿನ್ ಯಂತ್ರದ ಫ್ಯೂಸನ್ನೇ ಕಿತ್ತು, ಊಟದ ಡಬ್ಬಿಯೊಳಗಿಟ್ಟುಕೊಂಡು ಮನೆಗೆ ನಡೆದರು. ಡಬ್ಬಿ ತೊಳೆಯಲು ತೆಗೆದ ಅತ್ತೆ ಕೇಳಿದರಂತೆ: ‘ಏನೇ, ಇದನ್ನೂ ಅರ್ಧ ತಿಂದು ಬಿಟ್ಟಿದೀಯಾ?’

ಕ್ಲೋರಿನ್ ಇಲ್ಲದೆ ಕೊಳ ಮುಚ್ಚಿತು. ಗೇಟಿನಲ್ಲಿ ಪೋಷಕರು ಬಾಯಿಗೆ ಬಂದಂತೆ ಬೈದರು. ಮೂರನೆಯ ದಿನ ರಿಲೇ ಬಂತು, ಪಂಪಕ್ಕ ಜೋಡಿಸಿದರು, ಸ್ಪರ್ಧೆಯೂ ನಡೆಯಿತು. ಹೊಟ್ಟೆ ಉರಿಯುವ ಮಾತೆಂದರೆ, ಬಹುಮಾನ ಹಂಚಿದ ಸಂಜೆಯೇ ಆಕೆಯ ಕೈಗೆ ನೋಟಿಸ್ ಬಂತು: ಮುಂದಿನ ತಿಂಗಳ ಕೊನೆಗೆ ಮುಗಿಯುವ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ.

ಬೇಸರವಾಗಿಲ್ಲವೇ? ‘ಆಗ್ದೇ ಇರತ್ತಾ? ಎರಡು ದಿನ ಊಟ ಸೇರ್ಲಿಲ್ಲ’ ಎನ್ನುತ್ತಾ ಪಂಪಕ್ಕ ಪೆಟ್ಟಿಗೆಯ ಬಾಗಿಲು ಮುಚ್ಚುತ್ತಾರೆ. ‘ಹೊಸಬ್ರು ಬರ್ತಾರಂತೆ, ಬರ್ಲಿ. ಅವರ ಜೊತೆ ಒಂದೇ ಒಂದು ದಿನ ಇರೋಕೆ ಬಿಟ್ರೆ ಸಾಕು. ಯಾವ ತಂತಿ ಯಾಕೆ ಅಲ್ಲಿದೆ ಅಂತ ತೋರಿಸಿಕೊಟ್ಟು ಹೋಗ್ತೀನಿ.’